ಒತ್ತಿಗೂ ಬೆಳಕು ಬೇಕು

ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರಿನಲ್ಲಾಗಲಿ, ಬೇರೆಲ್ಲೇ ಆಗಲಿ, ಅಂಗಡಿಗೆ ಬೆಳಕಿನ ಅಕ್ಷರ ಮಾಡಿಸುವವರು ಬೆಲೆ, ಬಣ್ಣಗಳ ಜೊತೆಗೆ ಒತ್ತಕ್ಷರವನ್ನೂ ಗಮನಿಸಬೇಕು.

‘ತಿಪಟೂರು’, ‘ತುರುವೇಕೆರೆ’ ಎಂಬ ಹೆಸರುಗಳಲ್ಲಿ ಒತ್ತಿಲ್ಲ. ‘ಚಿಕ್ಕನಾಯಕನಹಳ್ಳಿ’ಯಲ್ಲಿ ಎರಡು ಕಡೆ, ‘ಕೊಬ್ಬರಿ’ಯಲ್ಲಿ ಒಂದು ಕಡೆ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ. ಹಲಗೆಯ ಎತ್ತರ ಸಾಲದಿದ್ದರೆ ಒತ್ತನ್ನೇ ಕುಗ್ಗಿಸಬೇಕಾಗುತ್ತದೆ.

ಜಾರ್ಜ್ ಕ್ಲೋದ್ 1910ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ನಿಯಾನ್ ದೀಪದಿಂದ ಬೆಳಕಿನ ಫಲಕಗಳ ಯುಗ ಆರಂಭವಾಯಿತು. ಗಾಜಿನ ಕೊಳವೆಯನ್ನು ಕಾಯಿಸಿ ಅಕ್ಷರದಂತೆ ಬಗ್ಗಿಸುತ್ತಿದ್ದರು. ಬೆಳಗಬಾರದ ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಇಂದಿನ ಎಲ್‌ಇಡಿ ಫಲಕದಲ್ಲಿ ಅಕ್ಷರವೇ ಒಂದು ಪೆಟ್ಟಿಗೆ: ಒಳಗೆ ಪುಟ್ಟ ದೀಪಗಳು, ಮುಂದೆ ಅಕ್ರಿಲಿಕ್ ಹಾಳೆ. ದೀಪ ಹಿಡಿಸದಷ್ಟು ಕಿರಿದಾದ ಒತ್ತು ಕತ್ತಲಲ್ಲೇ ಉಳಿಯುತ್ತದೆ. ಹಗಲಿನ ‘ಕೊಬ್ಬರಿ’ ರಾತ್ರಿ ‘ಕೊಬರಿ’ಯಾಗುತ್ತದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಹೀಗಾಗಿ ಕೆಳಗಿನ ಇಂಗ್ಲಿಷ್ ಸಾಲಿಗೆ ತಾಗದಂತೆ ಒತ್ತಿಗೆ ಜಾಗ ಬಿಡುವುದೂ ಅಗತ್ಯ.

ಆದ್ದರಿಂದ ಎತ್ತರವನ್ನು ತಲೆಕಟ್ಟಿನಿಂದ ಒತ್ತಿನ ಬುಡದವರೆಗೆ ಅಳೆಸಬೇಕು. ಪೂರ್ತಿ ಹಣ ಕೊಡುವ ಮೊದಲು, ಕತ್ತಲಾದ ಮೇಲೆ ಎದುರು ಬದಿಯಲ್ಲಿ ನಿಂತು ಹೆಸರನ್ನೊಮ್ಮೆ ಓದಿ ನೋಡಬೇಕು.