ಹಳೆಯ ಬೊಂಬೆಗಳ ಮೇಲಣ ತುಪ್ಪುಳೂ ಅಂಟೂ

ಮರಿಪ್ರಾಣಿಗಳ ಮೈಯನ್ನು ಅನುಕರಿಸಿ ನವಿರಾದ ತುಪ್ಪುಳನ್ನು ಹೊದಿಸಿದ ಪ್ಲಾಸ್ಟಿಕ್ ಬೊಂಬೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೇರಳವಾಗಿ ತಯಾರಾದುವು. ಕಾಲಕ್ರಮದಲ್ಲಿ ಈ ತುಪ್ಪುಳು ಅಲ್ಲಲ್ಲಿ ಉದುರಿ, ಅದರಡಿಯ ಅಂಟು ಹಳದಿಗಟ್ಟಿ, ಧೂಳನ್ನು ಹಿಡಿದು ಬೊಂಬೆಯು ವಿಕಾರವಾಗಿ ತೋರುವುದು. ಆಗ ಸಂಗ್ರಾಹಕರು ಇವೆರಡನ್ನೂ ತೆಗೆದುಹಾಕಲು ಬಯಸುವುದು ಸಹಜ. ಇದು ಕೇವಲ ಕೈಕೆಲಸದ ವಿಷಯವೆಂದು ತೋರಿದರೂ, ತೆಗೆಯತಕ್ಕದ್ದು ಯಾವುದು, ಉಳಿಸತಕ್ಕದ್ದು ಯಾವುದು ಎಂಬ ವಿವೇಚನೆಯಿಲ್ಲದೆ ಕೈಹಾಕಿದರೆ ವಸ್ತುವೇ ನಾಶವಾಗುವುದು.

ಮೊದಲು ಲೇಪದ ಸ್ವರೂಪವನ್ನು ತಿಳಿಯಬೇಕು. ತುಪ್ಪುಳೆಂದರೆ ಅತಿ ಚಿಕ್ಕದಾಗಿ ಕತ್ತರಿಸಿದ ಎಳೆಗಳ ರಾಶಿ. ಈ ಎಳೆಗಳು ಹತ್ತಿಯವಾಗಿರಬಹುದು, ರೇಯಾನಿನವಾಗಿರಬಹುದು, ನೈಲಾನಿನವೂ ಆಗಿರಬಹುದು. ಹತ್ತಿಯ ಗಿರಣಿಗಳಿಂದ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಗೆ ಮೊದಲನೆಯ ಎಳೆ ಚಿರಪರಿಚಿತ. ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತಯಾರಾಗುವ ಕೃತಕ ಎಳೆಯು ಎರಡನೆಯ ಜಾತಿಗೆ ಸೇರಿದುದು. ಬೊಂಬೆಯ ಮೈಗೆ ಅಂಟನ್ನು ಬಳಿದು, ವಿದ್ಯುತ್‌ಕ್ಷೇತ್ರದ ಬಲದಿಂದ ಈ ಎಳೆಗಳನ್ನು ಅದರ ಮೇಲೆ ನೆಟ್ಟಗೆ ನಾಟಿಸುವರು. ಮಖಮಲ್ಲಿನ ಸ್ಪರ್ಶವುಂಟಾಗುವುದು ಇದರಿಂದಲೇ.

ತೆಗೆಯುವ ಕ್ರಮವು ಸೌಮ್ಯವಾದುದರಿಂದ ಆರಂಭವಾಗಬೇಕು. ಪಾದದ ಅಡಿಯಂತಹ ಮರೆಯಾದ ಜಾಗದಲ್ಲಿ ಮೊದಲು ಪರೀಕ್ಷಿಸಿ, ಉಗುರುಬೆಚ್ಚಗಿನ ಸಾಬೂನುನೀರಿನಲ್ಲಿ ಕೆಲಕಾಲ ನೆನೆಯಿಸಿದರೆ ಅನೇಕ ವೇಳೆ ಅಂಟು ಸಡಿಲವಾಗುವುದು. ಆದರೆ ಒಳಗೆ ಲೋಹದ ಭಾಗವಾಗಲಿ, ಮೈಮೇಲೆ ಕಾಗದದ ಚೀಟಿಯಾಗಲಿ ಇದ್ದರೆ ನೆನೆಯಿಸಲಾಗದು. ಸಡಿಲವಾದುದನ್ನು ಬಿದಿರಿನ ಕಡ್ಡಿಯಿಂದಲೂ ಮೆತ್ತನೆಯ ಕುಂಚದಿಂದಲೂ ಬಿಡಿಸಬೇಕು. ಉಳಿದ ಅಂಟಿಗೆ ಮದ್ಯಸಾರವನ್ನು ಹತ್ತಿಗೆ ತಾಗಿಸಿ ಮೃದುವಾಗಿ ಒರಸಬಹುದು. ಅಸಿಟೋನನ್ನು ಮಾತ್ರ ದೂರವಿಡಬೇಕು. ಅದು ಪಾಲಿಸ್ಟೈರೀನ್ ಮೊದಲಾದ ಪ್ಲಾಸ್ಟಿಕ್ಕುಗಳನ್ನು ಅಂಟಿನೊಡನೆಯೇ ಕರಗಿಸುವುದು.

ಜಿಗುಟಾದುದೆಲ್ಲವೂ ಹೊರಗಣ ಅಂಟಲ್ಲ. ಹಳೆಯ ಮೆದು ವಿನೈಲ್ ಬೊಂಬೆಗಳಲ್ಲಿ, ಅವನ್ನು ಮೆದುವಾಗಿಸಲು ಬೆರಸಿದ್ದ ದ್ರವ್ಯವೇ ವರ್ಷಗಳು ಕಳೆದಂತೆ ಮೈಯಿಂದ ಒಸರುವುದುಂಟು. ಅದನ್ನು ಒರಸಿದರೂ ಮತ್ತೆ ಬರುವುದು. ಮದ್ಯಸಾರದಿಂದ ಪದೇಪದೇ ತಿಕ್ಕಿದರೆ ಬೊಂಬೆಯು ಬಿರುಸಾಗಿ ಬಿರಿಯುವ ಅಪಾಯವಿದೆ. ಇಲ್ಲಿ ರೋಗವು ಒಡಲಿನದೇ ಹೊರತು ಮೇಲೆ ಬಂದ ಕಲ್ಮಷವಲ್ಲ.

ಈ ಕ್ರಮವನ್ನು ಕನ್ನಡನಾಡಿನ ಹಳೆಯ ಬೊಂಬೆಗಳಿಗೂ ಹಾಗೆಯೇ ಅನ್ವಯಿಸಿದರೆ ಅನರ್ಥವಾಗುವುದು. ಚನ್ನಪಟ್ಟಣದ ಬೊಂಬೆಯ ಹೊಳಪು ಅರಗಿನದು. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ, ಉಜ್ಜಾಟದ ಬಿಸಿಯಿಂದ ಅದು ಕರಗಿ ಮೈಗೆ ಹತ್ತುವುದು. ಅರಗು ಮದ್ಯಸಾರದಲ್ಲಿ ಕರಗತಕ್ಕದ್ದು. ಆದುದರಿಂದ ಪ್ಲಾಸ್ಟಿಕ್ ಬೊಂಬೆಯ ಅಂಟಿಗೆ ಔಷಧವಾದುದು ಈ ಬೊಂಬೆಯ ಬಣ್ಣಕ್ಕೆ ವಿಷವಾಗುವುದು.

ಕಿನ್ನಾಳದ ಬೊಂಬೆಯ ಸ್ಥಿತಿ ಇದಕ್ಕಿಂತಲೂ ಸೂಕ್ಷ್ಮವಾದುದು. ಹರಿಹರವನ್ನು ದಾಟಿದ ತುಂಗಭದ್ರೆಯು ಮುಂದೆ ಹಾಯುವ ಕೊಪ್ಪಳದ ಸೀಮೆಯಲ್ಲಿ ಈ ಊರಿದೆ. ಇಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಅಂಗಗಳನ್ನು ಬೇರೆಬೇರೆ ಕೆತ್ತಿ, ಸೆಣಬಿನ ಪುಡಿ, ಮರದ ಹೊಟ್ಟು, ಹುಣಿಸೆಯ ಸರಿ ಇವುಗಳಿಂದಾದ ಕಿಟ್ಟದಿಂದ ಕೂಡಿಸುವರು. ಮೈಮೇಲೆ ಹತ್ತಿಯ ತುಣುಕುಗಳನ್ನು ಅದೇ ಸರಿಯಿಂದ ಹತ್ತಿಸಿ, ಬಳಿಕ ಬಣ್ಣವನ್ನಿಡುವರು. ಬಣ್ಣವು ಚಕ್ಕೆಯೆದ್ದ ಕಡೆ ಈ ಹತ್ತಿಯೂ ಸರಿಯೂ ಹೊರಗೆ ಕಾಣುವುವು. ತಿಳಿಯದವರ ಕಣ್ಣಿಗೆ ಅದು ಕಿತ್ತುಹಾಕತಕ್ಕ ತುಪ್ಪುಳಿನಂತೆಯೂ ಅಂಟಿನ ಶೇಷದಂತೆಯೂ ತೋರುವುದು. ವಾಸ್ತವವಾಗಿ ಅದೇ ಬಣ್ಣಕ್ಕೆ ಆಧಾರ. ಅಲ್ಲಿ ನೀರು ತಾಗಿದರೆ ಸರಿಯು ಮೆದುವಾಗಿ, ಬಣ್ಣವೂ ಆಭರಣಗಳ ಉಬ್ಬುಗೆಲಸವೂ ಕಳಚುವುವು. ಇಂತಹ ಬೊಂಬೆಗೆ ಒಣ ಕುಂಚದಿಂದ ಧೂಳನ್ನು ಝಾಡಿಸುವುದಕ್ಕಿಂತ ಹೆಚ್ಚಿನ ಉಪಚಾರವನ್ನು ಮನೆಯಲ್ಲಿ ಮಾಡಲಾಗದು.

ಹಾಗಾದರೆ ಪ್ಲಾಸ್ಟಿಕ್ ಬೊಂಬೆಯ ತುಪ್ಪುಳನ್ನು ತೆಗೆಯಬಹುದೆ? ಆ ತುಪ್ಪುಳೂ ಮಾಡಿದವರೇ ಇಟ್ಟುದು. ಅದನ್ನು ತೆಗೆದ ಬೊಂಬೆ ಶುದ್ಧವಾಗಬಹುದು, ಮೊದಲಿನದಾಗಲಾರದು. ಗ್ರಂಥಸಂಪಾದಕನು ಪ್ರಕ್ಷಿಪ್ತವೆಂದು ಕಂಡ ಪದ್ಯವನ್ನು ಮೂಲದಿಂದ ಬೇರ್ಪಡಿಸಿದರೂ ಅಡಿಟಿಪ್ಪಣಿಯಲ್ಲಿ ಉಳಿಸುವನು. ಮುಂದಿನ ವಿದ್ವಾಂಸನಿಗೆ ಪುನರ್ವಿಮರ್ಶೆಯ ಅವಕಾಶವಿರುವುದು. ಬೊಂಬೆಯಿಂದ ಕೆರೆದುದಕ್ಕೆ ಅಂತಹ ಅಡಿಟಿಪ್ಪಣಿಯಿಲ್ಲ. ಆದುದರಿಂದ ತೆಗೆಯುವುದಕ್ಕೆ ಮುಂಚೆ ಎಲ್ಲ ಮಗ್ಗುಲುಗಳ ಛಾಯಾಚಿತ್ರವನ್ನು ಹಿಡಿಯುವುದೂ, ಬಳಸಿದ ದ್ರವ್ಯಗಳನ್ನು ಬರೆದಿಡುವುದೂ, ಬಿಡಿಸಿದ ತುಪ್ಪುಳಿನ ಒಂದು ಚಿಟಿಕೆಯನ್ನು ತಾರೀಖಿನೊಡನೆ ಕಾಗದದ ಪೊಟ್ಟಣದಲ್ಲಿ ಬೊಂಬೆಯ ಜತೆಯಲ್ಲಿಯೇ ಇಡುವುದೂ ಅವಶ್ಯಕ.