ಲಾಟಿನ ಮಾಲು: ಡಿಪೋದಲ್ಲಿ ಕಲಿತ ಲೆಕ್ಕ

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ರೂಮ್‌ಮೇಟುಗಳು ದುಡ್ಡು ಕೂಡಿಸಿ, 14,000 ರೂಪಾಯಿಗೆ ಆನ್‌ಲೈನಿನಲ್ಲಿ ಒಂದು ಪ್ಯಾಲೆಟ್ ತರಿಸಿದೆವು. ಗ್ರಾಹಕರು ವಾಪಸ್ ಕಳಿಸಿದ, ಗೋದಾಮಿನಲ್ಲಿ ಉಳಿದ ಮಾಲನ್ನು ಒಟ್ಟಿಗೆ ಕಟ್ಟಿ ಮಾರುವ ಲಾಟಿಗೆ ಪ್ಯಾಲೆಟ್ ಅಂತಾರೆ. ನಮ್ಮದರಲ್ಲಿ ಇಯರ್‌ಫೋನ್, ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಸೇರಿ 40 ಪೀಸು. ಪಟ್ಟಿಯಲ್ಲಿದ್ದ ಎಂಆರ್‌ಪಿ ಕೂಡಿಸಿದರೆ 60,000 ದಾಟುತ್ತಿತ್ತು. ಹಾಸ್ಟೆಲಿನಲ್ಲೇ ಮಾರಿ ದುಡ್ಡು ಎರಡು ಪಟ್ಟು ಮಾಡ್ತೀವಿ ಅಂದುಕೊಂಡಿದ್ದೆವು. ಒಬ್ಬ ಹಾಕಿದ್ದು ಪರೀಕ್ಷೆ ಫೀಸಿನ ದುಡ್ಡು. ಅದನ್ನವನು ಹೇಳಿದ್ದು ಆಮೇಲೆ.

ಎಲ್ಲಿ ತಪ್ಪಿದೆವು ಅಂತ ತಿಳಿದದ್ದು ದಾಂಡೇಲಿಯಲ್ಲಿ, ಅರಣ್ಯ ಇಲಾಖೆಯ ಟಿಂಬರ್ ಡಿಪೋದೊಳಗೆ. ಗೆಳೆಯನೊಬ್ಬನ ಸೋದರಮಾವ ಮರದ ವ್ಯಾಪಾರಿ. ಹರಾಜಿಗೆ ಮುಂಚೆ ಲಾಟು ನೋಡಲು ಹೊರಟಿದ್ದವರ ಬೆನ್ನು ಹತ್ತಿದೆವು. ಅಲ್ಲೂ ಮಾಲು ಲಾಟಿನಲ್ಲೇ. ದಿಮ್ಮಿಗಳನ್ನು ವಿಂಗಡಿಸಿ ಒಟ್ಟಿರುತ್ತಾರೆ, ಪ್ರತಿ ಲಾಟಿಗೂ ನಂಬರು. ಬೇಕಾದ ಎರಡನ್ನೇ ಆರಿಸಿಕೊಳ್ಳೋಕೆ ಆಗಲ್ಲ. ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ ಮಾರಾಟ. ಆಮೇಲೆ ಒಳಗೆ ಪೊಳ್ಳು ಕಂಡರೆ ಕೊಂಡವನ ಹಣೆಬರಹ.

ಹಾಗಾಗಿ ಮಾವ ಒಂದೊಂದು ದಿಮ್ಮಿಯ ಎರಡೂ ತುದಿಗೆ ಬಗ್ಗಿ ನೋಡಿದರು. ಸೀಳು, ಗಂಟು, ಹುಳದ ತೂತು, ನಡುವಿನ ಪೊಳ್ಳು. "ತೊಗಟಿ ನೋಡಿ ಮಳ್ಳಾಗಬ್ಯಾಡ್ರೋ ತಮ್ಮಾ, ಬುಡ ನೋಡ್ರಿ" ಅಂದರು.

ಅಳತೆಯಲ್ಲೂ ಒಂದು ಸ್ವಾರಸ್ಯ ಇದೆ. ಮರದ ವ್ಯಾಪಾರದಲ್ಲಿ ನಡೆದುಬಂದ ಹೊಪ್ಪಸ್ ಸೂತ್ರದಲ್ಲಿ, ದಿಮ್ಮಿಯ ನಡುಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 1.2 ಮೀಟರ್, ಉದ್ದ 4 ಮೀಟರ್ ಇದ್ದರೆ 0.36 ಘನಮೀಟರ್. ಸಿಲಿಂಡರ್ ಎಂದು ಹಿಡಿದರೆ ಅದೇ ದಿಮ್ಮಿ 0.458. ಅಂದರೆ ಲೆಕ್ಕಕ್ಕೆ ಬರುವುದು ಶೇ. 78.5 ಮಾತ್ರ. ಕೊಯ್ಯುವಾಗ ಹೋಗುವ ತೊಗಟೆ, ಅಂಚು ಮೊದಲೇ ಕಳೆದುಹೋಗಿರುತ್ತೆ. ವೇಸ್ಟನ್ನು ಸೂತ್ರದೊಳಗೇ ಇಟ್ಟಿದ್ದಾರೆ ನೋಡಿ! ನಾವು ಇಟ್ಟಿರಲಿಲ್ಲ.

ನಮ್ಮ 40ರಲ್ಲಿ ನೆಟ್ಟಗೆ ನಡೆದದ್ದು 17, ನಾವೇ ರಿಪೇರಿ ಮಾಡಿದ್ದು 9, ಗುಜರಿ 14. ಬೆಂಗಳೂರಿನಿಂದ ಪಾರ್ಸಲ್ ಖರ್ಚು 1,600, ಬಿಡಿಭಾಗಕ್ಕೆ 900. ಒಟ್ಟು 16,500. ತರಿಸುವಾಗ ಪೀಸಿಗೆ 350 ಅಂತ ಖುಷಿಪಟ್ಟಿದ್ದೆವು. ಮಾರಲು ಬಂದದ್ದು 26 ಮಾತ್ರ ಆದ್ದರಿಂದ ಒಂದರ ಅಸಲು ಸುಮಾರು 635 ಬಿತ್ತು. ಕೈಗೆ ಸಿಕ್ಕ ಬೆಲೆ ಸರಾಸರಿ 535. ರಾತ್ರಿಯೆಲ್ಲಾ ಸೋಲ್ಡರಿಂಗ್ ಮಾಡಿದ್ದಕ್ಕೆ ಕೂಲಿ ಹಿಡಿದೇ ಇಲ್ಲ.

ಆನ್‌ಲೈನ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಸರ್ಕಾರಿ ಇಲಾಖೆಗಳ ಹಳೆಯ ಸಾಮಾನು, ಗುಜರಿ ಎಷ್ಟೋ ಈಗ ಇ-ಹರಾಜಿನಲ್ಲೇ ಹೋಗುತ್ತೆ. ಆದರೆ ಅಲ್ಲಿ ಪಳಗಿದವರು ಮೊದಲು ಹೋಗಿ ಮಾಲು ನೋಡುತ್ತಾರೆ, ಆಮೇಲೆ ಬಿಡ್ ಹಾಕುತ್ತಾರೆ. ನೋಡಲು ಬಿಡದ ಲಾಟಾದರೆ ಬರೀ ಎಂಆರ್‌ಪಿ ಪಟ್ಟಿ ಸಾಲದು. ಪರೀಕ್ಷಿಸಿದ ಮಾಲೋ ಅಲ್ಲವೋ, ವಾಪಸ್ ಬಂದ ಕಾರಣ ಏನು ಎಂದು ಕೇಳಿ. ಬಿಲ್ ಇಲ್ಲದ ಮಾಲು ಮುಟ್ಟಬೇಡಿ. ಮೊಬೈಲ್ ಇದ್ದರೆ ಐಎಂಇಐ ನಂಬರನ್ನು ಸಂಚಾರ್ ಸಾಥಿಯಲ್ಲಿ ಹಾಕಿ ನೋಡಿ, ಕಳುವಿನ ಮಾಲು ಕೊರಳಿಗೆ ಬಂದೀತು.

ಪರೀಕ್ಷೆ ಫೀಸನ್ನು ಉಳಿದ ಮೂವರು ಹಂಚಿಕೊಂಡು ಕಟ್ಟಿದೆವು. ಗುಜರಿಯಲ್ಲಿ ಮೂರು ಸ್ಪೀಕರುಗಳ ಲಿಥಿಯಂ ಬ್ಯಾಟರಿ ಉಬ್ಬಿವೆ. ಅವನ್ನು ಬಿಚ್ಚಲೂ ಇಲ್ಲ, ಕಸಕ್ಕೆ ಹಾಕಲೂ ಇಲ್ಲ. ರೂಮಿನಿಂದ ಹೊರಗೆ, ಒಣ ಮರಳಿನ ಡಬ್ಬಿಯಲ್ಲಿವೆ. ಹುಬ್ಬಳ್ಳಿ ಕಡೆ ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಜಾಗ ಗೊತ್ತಿದ್ದವರು ತಿಳಿಸಿ.