ಅಮ್ಮಿಯ ಹಲ್ಲಿನ 'ಚಾಂದಿ'

ನಮ್ಮ ಅಮ್ಮಿಯ ದವಡೆ ಹಲ್ಲಿನಲ್ಲಿ ಬೂದು ಬಣ್ಣದ ಹಳೆಯ ಫಿಲ್ಲಿಂಗ್ ಇದೆ. ಮನೆಯಲ್ಲಿ ಅದನ್ನು 'ಚಾಂದಿ' ಎನ್ನುತ್ತೇವೆ. ಅದರಲ್ಲಿ ಪಾದರಸವಿದೆ ಎಂದು ಯಾರೋ ಹೇಳಿದ ಮೇಲೆ ಅಮ್ಮಿ ಹೆದರಿ, ತೆಗೆಸಿಬಿಡುತ್ತೇನೆಂದು ಹಟ ಹಿಡಿದರು. ಮುರ್ಡೇಶ್ವರದಿಂದ ಭಟ್ಕಳದ ದಂತವೈದ್ಯರ ಬಳಿಗೆ ನಾನೂ ಹೋದೆ.

ವಾಣಿಜ್ಯ ವಿಭಾಗದ ನನಗೆ ಅದು ಪಾಲುದಾರಿಕೆಯ ಲೆಕ್ಕದಂತೆ ಕಂಡಿತು. ಈ ಅಮಾಲ್ಗಮ್‌ನ ತೂಕದಲ್ಲಿ ಸುಮಾರು ಅರ್ಧ ಪಾಲು ಪಾದರಸ. ಉಳಿದದ್ದು ಮುಖ್ಯವಾಗಿ ಬೆಳ್ಳಿ, ತವರ, ತಾಮ್ರಗಳ ಪುಡಿ. ಎರಡನ್ನೂ ಬೆರೆಸಿದಾಗ ಮೆತ್ತನೆಯ ಮುದ್ದೆಯಾಗುತ್ತದೆ. ಹಲ್ಲಿನ ಕುಳಿಗೆ ಒತ್ತಿ ತುಂಬಿದರೆ ನಿಮಿಷಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಪೂರ್ಣ ಬಲ ಬರಲು ಸುಮಾರು 24 ಗಂಟೆ ಬೇಕು. ತಾಮ್ರದ ಪಾಲು ಹೆಚ್ಚಿದ್ದರೆ ಬೇಗ ತುಕ್ಕು ಹಿಡಿಯುವುದಿಲ್ಲ.

ಜಗಿಯುವಾಗ ಅತ್ಯಲ್ಪ ಪಾದರಸದ ಆವಿ ಹೊರಬರುವುದು ನಿಜ. ಆದರೆ ಕೊರೆದು ತೆಗೆಯುವಾಗ ಇನ್ನೂ ಹೆಚ್ಚು ಬರುತ್ತದೆ. "ಫಿಲ್ಲಿಂಗ್ ಚೆನ್ನಾಗಿದೆ, ಸುಮ್ಮನೆ ತೆಗೆಸಬೇಡಿ" ಎಂದರು ವೈದ್ಯರು.

ಹೊಸದಾಗಿ ತುಂಬಿಸುವ ಮಾತು ಬೇರೆ. ಭಾರತವೂ ಸೇರಿರುವ ಮಿನಮಾಟಾ ಒಪ್ಪಂದದ ದೇಶಗಳು 2022ರಲ್ಲಿ ಒಂದು ತೀರ್ಮಾನ ಮಾಡಿವೆ: ದಂತವೈದ್ಯರಿಗೆ ಅನಿವಾರ್ಯವೆನಿಸದ ಹೊರತು 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಅಮಾಲ್ಗಮ್ ಬೇಡ.

ಅಮ್ಮಿ ನಿರಾಳವಾಗಿ ಮನೆಗೆ ಬಂದರು. ಹತ್ತು ವರ್ಷದ ತಂಗಿಯ ಹುಳುಕು ಹಲ್ಲಿಗೆ ಮಾತ್ರ ಬಿಳಿ ಫಿಲ್ಲಿಂಗ್ ಹಾಕಿಸಲಿದ್ದೇವೆ.